ಅವಳನ್ನು ಕೇಳಿದವರು ಯಾರು? – ತೀವ್ರ ಪ್ರೇಮದ ಚಿತ್ರಗಳು ಮತ್ತು ನಮ್ಮ ಮನೆಯ ಮಾತು

ಚಲನಚಿತ್ರವೊಂದು ಚೆನ್ನಾಗಿದೆಯೇ ಇಲ್ಲವೇ ಎಂಬ ಚರ್ಚೆ ರಾಜಧಾನಿಯ ಕನ್ನಡಿಗರಿಗೆ ಹೊಸದಲ್ಲ. ರಾಜ್ಯೋತ್ಸವದ ಊಟದ ಸಾಲಿನಲ್ಲಿ, ಗಣೇಶನ ಹಬ್ಬದ ಪೆಂಡಾಲಿನ ಹೊರಗೆ, ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘದ ಮೆಟ್ಟಿಲುಗಳ ಮೇಲೆ ನಿಂತು ನಾವು ರಾಜ್‌ಕುಮಾರ್ ದೊಡ್ಡವರೋ ವಿಷ್ಣುವರ್ಧನ್ ದೊಡ್ಡವರೋ ಎಂದು ವಾದಿಸಿ, ಕಾಫಿ ಆರಿದ ಮೇಲೆ ನಗುತ್ತಲೇ ಬೀಳ್ಕೊಂಡವರು. ಆದರೆ ಇತ್ತೀಚಿನ ವರ್ಷಗಳಲ್ಲಿ, ಅದರಲ್ಲಿಯೂ ತೀವ್ರ ಪ್ರೇಮದ ಚಿತ್ರಗಳು ಬಂದಾಗ, ಈ ಚರ್ಚೆ ನಗುವಿನಲ್ಲಿ ಮುಗಿಯುತ್ತಿಲ್ಲ. ಪತ್ರಿಕೆಯ ವಿಮರ್ಶಕರು ಒಂದು ಕಡೆ, ಪ್ರೇಕ್ಷಕರು ಇನ್ನೊಂದು ಕಡೆ ನಿಲ್ಲುತ್ತಾರೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಒಂದೇ ಮನೆಯ ಸೋಫಾದ ಮೇಲೆ ಕುಳಿತ ತಂದೆ ಒಂದು ಕಡೆ, ಮಗಳು ಇನ್ನೊಂದು ಕಡೆ ಆಗುತ್ತಿದ್ದಾರೆ. ಹೀಗೇಕೆ ಆಗುತ್ತಿದೆ ಎಂದು ಸಾವಧಾನವಾಗಿ ಯೋಚಿಸುವ ಪ್ರಯತ್ನವೇ ಈ ಲೇಖನ.

ಮೊದಲಿಗೆ ನಮ್ಮ ಭಾಷೆಯ ಚಿತ್ರವನ್ನೇ ತೆಗೆದುಕೊಳ್ಳೋಣ. ಹೇಮಂತ್ ಎಂ. ರಾವ್ ನಿರ್ದೇಶನದ ‘ಸಪ್ತ ಸಾಗರದಾಚೆ ಎಲ್ಲೋ’ ಎರಡು ಭಾಗಗಳಲ್ಲಿ ಬಂದಿತು. ‘ಸೈಡ್ ಎ’ 2023ರ ಸೆಪ್ಟೆಂಬರ್ 1ರಂದು, ‘ಸೈಡ್ ಬಿ’ ಅದೇ ವರ್ಷದ ನವೆಂಬರ್ 17ರಂದು ತೆರೆಕಂಡವು. ಹೆಸರು ಬಂದದ್ದು ಗೋಪಾಲಕೃಷ್ಣ ಅಡಿಗರ ‘ಯಾವ ಮೋಹನ ಮುರಳಿ ಕರೆಯಿತು’ ಕವಿತೆಯಿಂದ. ನಾಗತಿಹಳ್ಳಿ ಚಂದ್ರಶೇಖರರ ‘ಅಮೆರಿಕಾ ಅಮೆರಿಕಾ’ ಚಿತ್ರ ಅದನ್ನು 1990ರ ದಶಕದಲ್ಲೇ ಮನೆಮನೆಯ ಹಾಡಾಗಿಸಿತ್ತು. ರಕ್ಷಿತ್ ಶೆಟ್ಟಿ ಮನುವಾಗಿ, ರುಕ್ಮಿಣಿ ವಸಂತ್ ಪ್ರಿಯಾಳಾಗಿ, ಎರಡನೆಯ ಭಾಗದಲ್ಲಿ ಚೈತ್ರಾ ಆಚಾರ್ ಸುರಭಿಯಾಗಿ ನಟಿಸಿದರು. ಚರಣ್ ರಾಜ್ ಅವರ ಸಂಗೀತವನ್ನೂ ಅದ್ವೈತ ಗುರುಮೂರ್ತಿಯವರ ಛಾಯಾಗ್ರಹಣವನ್ನೂ ಮೆಚ್ಚದವರು ವಿರಳ.

ಕಥೆಯನ್ನು ನೋಡಿರದವರಿಗಾಗಿ ಸಂಗ್ರಹವಾಗಿ ಹೇಳುವುದಾದರೆ, ಮನು ಶ್ರೀಮಂತರೊಬ್ಬರ ಮನೆಯ ಕಾರು ಚಾಲಕ. ಪ್ರಿಯಾ ಹಾಡುವ ಹುಡುಗಿ, ಸಮುದ್ರದ ಬಳಿ ಒಂದು ಮನೆಯ ಕನಸು ಕಂಡವಳು. ಯಜಮಾನನ ಮಗ ಅಪಘಾತವೊಂದನ್ನು ಮಾಡಿದಾಗ, ಆ ತಪ್ಪನ್ನು ತನ್ನ ಮೇಲೆ ಹೊತ್ತುಕೊಂಡರೆ ಹಣ ದೊರೆಯುತ್ತದೆ, ಬೇಗನೆ ಬಿಡುಗಡೆಯೂ ಆಗುತ್ತದೆ ಎಂಬ ಮಾತಿಗೆ ಮನು ಒಪ್ಪುತ್ತಾನೆ. ಮಾತು ಕೊಟ್ಟ ಯಜಮಾನ ತೀರಿಕೊಳ್ಳುತ್ತಾನೆ. ಮಾತೂ ಅವರೊಡನೆ ತೀರಿಹೋಗುತ್ತದೆ. ಮನು ಸೆರೆಮನೆಯಲ್ಲಿ ಉಳಿಯುತ್ತಾನೆ, ಪ್ರಿಯಾ ಹೊರಗೆ ಬಡಿದಾಡುತ್ತಾಳೆ, ಕೊನೆಗೆ ಇನ್ನೊಬ್ಬನ ಕೈ ಹಿಡಿಯುತ್ತಾಳೆ. ಎರಡನೆಯ ಭಾಗದಲ್ಲಿ ವರ್ಷಗಳ ನಂತರ ಬಿಡುಗಡೆಯಾದ ಮನು ಅವಳನ್ನು ಹುಡುಕುತ್ತಾನೆ.

ಮೊದಲ ಭಾಗಕ್ಕೆ ಸಿಕ್ಕ ಸ್ವಾಗತ ಬಹುಮಟ್ಟಿಗೆ ಒಕ್ಕೊರಲಿನದು. ನಡಿಗೆ ನಿಧಾನ ಎಂಬ ದೂರೊಂದನ್ನು ಬಿಟ್ಟರೆ ವಿಮರ್ಶಕರೂ ಪ್ರೇಕ್ಷಕರೂ ಒಂದೇ ಪಂಕ್ತಿಯಲ್ಲಿ ಕುಳಿತರು. ಫಿಲ್ಮ್‌ಫೇರ್ ದಕ್ಷಿಣ ಪ್ರಶಸ್ತಿಗಳಲ್ಲಿ ಈ ಭಾಗದ ನಿರ್ದೇಶಕರಿಗೂ ನಾಯಕ ನಟರಿಗೂ ಮನ್ನಣೆ ಸಂದಿತು. ತೆಲುಗಿನಲ್ಲಿಯೂ ಅದೇ ಸೆಪ್ಟೆಂಬರಿನಲ್ಲಿ ತೆರೆಕಂಡಿತು. ಎರಡನೆಯ ಭಾಗ ಬಂದಾಗ ಪಂಕ್ತಿ ಒಡೆಯಿತು. ಅಭಿನಯವನ್ನು ಹೊಗಳಿದವರೇ ಕಥೆಯ ಬಗ್ಗೆ ಹುಬ್ಬುಗಂಟಿಕ್ಕಿದರು. ಕೆಲವರು ಮನುವಿನಲ್ಲಿ ಎಂದೂ ಬತ್ತದ ಪ್ರೇಮವನ್ನು ಕಂಡರು. ಇನ್ನು ಕೆಲವರು, ಮದುವೆಯಾಗಿ ಮಗುವಿನ ತಾಯಿಯಾಗಿರುವ ಹೆಣ್ಣೊಬ್ಬಳನ್ನು ಅವಳಿಗೆ ತಿಳಿಯದಂತೆ ಹಿಂಬಾಲಿಸುವುದಕ್ಕೆ ಪ್ರೇಮವೆಂಬ ಹೆಸರು ಸಲ್ಲುತ್ತದೆಯೇ ಎಂದು ಕೇಳಿದರು.

ಕನ್ನಡದ ದೊಡ್ಡ ಚಿತ್ರಗಳು ಇಂದು ದೆಹಲಿಗೆ ಹಿಂದಿಯ ವೇಷದಲ್ಲಿ, ಬ್ಯಾಂಡು ಬಾಜಾ ಸಮೇತ ಬರುತ್ತವೆ. ‘ಕೆ.ಜಿ.ಎಫ್.’ ಮತ್ತು ‘ಕಾಂತಾರ’ಗಳ ಸಂಭ್ರಮವನ್ನು ನೋಯ್ಡಾದ ಮಾಲುಗಳಲ್ಲಿಯೂ ಕಂಡೆವು. ಮೆಲ್ಲಗೆ ಮಾತನಾಡುವ ಪ್ರೇಮಕಥೆಗೆ ಅಂಥ ಮೆರವಣಿಗೆಯಿಲ್ಲ. ನಮ್ಮಲ್ಲಿ ಹಲವರಂತೆ ನಾವೂ ಈ ಎರಡು ಭಾಗಗಳನ್ನು ನೋಡಿದ್ದು ಮನೆಯ ಪರದೆಯ ಮೇಲೆ, ಮೂರು ತಲೆಮಾರು ಒಟ್ಟಿಗೆ ಕುಳಿತು. ಚಿತ್ರಮಂದಿರದ ಕತ್ತಲೆಯಲ್ಲಿ ಯಾರು ಎಲ್ಲಿ ಅತ್ತರೆಂಬುದು ತಿಳಿಯದು. ಮನೆಯ ಬೆಳಕಿನಲ್ಲಿ ಎಲ್ಲವೂ ಕಾಣುತ್ತದೆ. ಎಂಬತ್ತು ದಾಟಿದ ನಮ್ಮ ತಾಯಿಯವರು ‘ಸೈಡ್ ಬಿ’ ಮುಗಿದಾಗ ಸೆರಗಿನಿಂದ ಕಣ್ಣೊರೆಸಿಕೊಂಡು, “ಪಾಪ, ಎಂಥ ಹುಡುಗ” ಎಂದರು. ನಮ್ಮ ಕಣ್ಣೂ ಒಣಗಿರಲಿಲ್ಲ. ಗುರುಗ್ರಾಮದ ಕಚೇರಿಯೊಂದರಲ್ಲಿ ಕೆಲಸ ಮಾಡುವ ಮಗಳು ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪ, ಇಂಥವನೊಬ್ಬ ದಿನವೂ ನಮ್ಮ ಸೊಸೈಟಿಯ ಗೇಟಿನೆದುರು ನಿಂತರೆ ನೀವು ಏನು ಮಾಡುತ್ತೀರಿ?” ಎಂದು ಕೇಳಿದಳು. ಪೊಲೀಸರನ್ನು ಕರೆಯುತ್ತೇವೆ ಎಂಬ ಉತ್ತರ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಹಾಗಾದರೆ ಈಗತಾನೆ ಕಣ್ಣೀರು ಹಾಕಿದ್ದು ಯಾರಿಗಾಗಿ?

ಈ ಪ್ರಶ್ನೆಯನ್ನು ಹಿಡಿದುಕೊಂಡೇ ಹಿಂದಿಯ ಮೂರು ಚಿತ್ರಗಳತ್ತ ಒಮ್ಮೆ ನೋಡೋಣ. ಅವುಗಳಲ್ಲಿ ಎರಡರ ಕಥೆ ನಡೆಯುವುದು ನಾವು ವಾಸಿಸುವ ಈ ದೆಹಲಿಯಲ್ಲಿಯೇ.

2019ರ ಜೂನ್ 21ರಂದು ಬಂದ ‘ಕಬೀರ್ ಸಿಂಗ್’ ದೆಹಲಿಯ ವೈದ್ಯಕೀಯ ಕಾಲೇಜೊಂದರ ಕಥೆ. 2017ರ ತೆಲುಗಿನ ‘ಅರ್ಜುನ್ ರೆಡ್ಡಿ’ಯನ್ನು ಅದೇ ನಿರ್ದೇಶಕ ಸಂದೀಪ್ ರೆಡ್ಡಿ ವಂಗಾ ಹಿಂದಿಗೆ ತಂದರು. ಹಿರಿಯ ವಿದ್ಯಾರ್ಥಿಯಾದ ನಾಯಕ ಹೊಸದಾಗಿ ಬಂದ ಹುಡುಗಿಯೊಬ್ಬಳನ್ನು ನೋಡಿ, ಆಕೆ ತನ್ನವಳೆಂದು ತರಗತಿಗಳಲ್ಲಿ ಸಾರುತ್ತಾನೆ. ಅವಳ ಹೆಸರು ತಿಳಿಯುವ ಮೊದಲೇ ಹಕ್ಕು ಸ್ಥಾಪನೆಯಾಗಿರುತ್ತದೆ. ಅನೇಕ ವಿಮರ್ಶಕರು ಚಿತ್ರವನ್ನು ಕಟುವಾಗಿ ಟೀಕಿಸಿದರು. ಪ್ರೇಕ್ಷಕರು ಮುಗಿಬಿದ್ದು ನೋಡಿದರು. ಭಾರತದಲ್ಲಿಯೇ 270 ಕೋಟಿ ರೂಪಾಯಿಗೂ ಹೆಚ್ಚಿನ ನಿವ್ವಳ ಗಳಿಕೆಯಾಯಿತು. ನೋಡಿದವರಲ್ಲಿ ಹೆಂಗಸರು ಕಡಿಮೆಯೇನಿರಲಿಲ್ಲ. ಅದೇ ವರ್ಷದ ಜುಲೈನಲ್ಲಿ ನೀಡಿದ ಸಂದರ್ಶನವೊಂದರಲ್ಲಿ ನಿರ್ದೇಶಕರು, ಗಾಢವಾಗಿ ಪ್ರೀತಿಸುವವರ ನಡುವೆ ಒಬ್ಬರನ್ನೊಬ್ಬರು ಹೊಡೆಯುವ ಸ್ವಾತಂತ್ರ್ಯವೂ ಇರಬೇಕೆಂಬ ಅರ್ಥದ ಮಾತನ್ನಾಡಿ ಬೆಂಕಿಗೆ ತುಪ್ಪ ಸುರಿದರು.

2025ರ ಜುಲೈ 18ರಂದು ತೆರೆಕಂಡ ಮೋಹಿತ್ ಸೂರಿಯವರ ‘ಸೈಯಾರಾ’ ಬೇರೆ ಬಗೆಯ ಕೋಲಾಹಲವನ್ನು ಎಬ್ಬಿಸಿತು. ಹೊಸ ಮುಖಗಳಾದ ಅಹಾನ್ ಪಾಂಡೆ ಮತ್ತು ಅನೀತ್ ಪಡ್ಡಾ ನಟಿಸಿದ, ನೆನಪು ಕಳೆದುಕೊಳ್ಳುವ ಯುವತಿಯ ಈ ಕಥೆಯನ್ನು ನೋಡಿ ಹದಿಹರೆಯದವರು ಚಿತ್ರಮಂದಿರಗಳಲ್ಲಿ ಬಿಕ್ಕಿ ಬಿಕ್ಕಿ ಅಳುವ ದೃಶ್ಯಗಳು ಎಲ್ಲರ ಮೊಬೈಲುಗಳಲ್ಲಿ ಹರಿದಾಡಿದವು. ಹಿರಿಯರು ನಕ್ಕರು. ಇದೆಲ್ಲ ಪ್ರಚಾರದ ಪಟ್ಟು ಎಂದು ಶಂಕಿಸಿದವರೂ ಉಂಟು. ಆದರೆ ಭಾರತದಲ್ಲಿ 300 ಕೋಟಿಗೂ ಮೀರಿದ ಗಳಿಕೆ ಬರಿಯ ನಟನೆಯಿಂದ ಬರುವಂಥದಲ್ಲ. ಅಳಲು ಒಂದು ಸ್ಥಳ ಬೇಕಾಗಿದ್ದ ಪೀಳಿಗೆಯೊಂದು ಅಲ್ಲಿ ಹೋಗಿ ಅತ್ತಿತೆಂದೇ ನಮಗೆ ತೋರುತ್ತದೆ.

ಮೂರನೆಯದು 2025ರ ನವೆಂಬರ್ 28ರಂದು ಬಂದ ಆನಂದ್ ಎಲ್. ರಾಯ್ ಅವರ ‘ತೇರೆ ಇಶ್ಕ್ ಮೇ’. ಧನುಷ್ ಮತ್ತು ಕೃತಿ ಸನೋನ್ ನಟಿಸಿದ ಈ ಚಿತ್ರದ ಕಥೆ ದೆಹಲಿ ವಿಶ್ವವಿದ್ಯಾಲಯದಲ್ಲಿ ಆರಂಭವಾಗುತ್ತದೆ. ಮನಶ್ಶಾಸ್ತ್ರದ ಸಂಶೋಧನೆಯಲ್ಲಿ ತೊಡಗಿದ ಯುವತಿ, ಹೊಡೆದಾಟದ ಸ್ವಭಾವದ ಯುವಕನೊಬ್ಬನನ್ನು ತಿದ್ದಬಹುದೆಂದು ಹೊರಡುತ್ತಾಳೆ. ಅವನು ಅವಳನ್ನು ಪ್ರೀತಿಸತೊಡಗುತ್ತಾನೆ. ಅದು ಫಲಿಸದಾಗ ಅವನ ಸಿಟ್ಟಿನ ಲೆಕ್ಕವೆಲ್ಲ ಅವಳ ಹೆಸರಿಗೆ ಬರೆಯಲ್ಪಡುತ್ತದೆ ಎಂಬುದು ಟೀಕಾಕಾರರ ಮುಖ್ಯ ಆಕ್ಷೇಪ. ಧನುಷರ ಅಭಿನಯವನ್ನೂ ಎ. ಆರ್. ರೆಹಮಾನರ ಸಂಗೀತವನ್ನೂ ಮೆಚ್ಚಿದ ಪ್ರೇಕ್ಷಕರು ಈ ಆಕ್ಷೇಪವನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಚಿತ್ರ ದೇಶದಲ್ಲಿ 100 ಕೋಟಿಯ ಗಡಿಯನ್ನು ದಾಟಿತು.

ವಿಮರ್ಶಕರು ಹೇಳುವುದನ್ನು ಪ್ರೇಕ್ಷಕರು ಕೇಳುವುದಿಲ್ಲ, ಪ್ರೇಕ್ಷಕರ ಕಣ್ಣೀರನ್ನು ವಿಮರ್ಶಕರು ಲೆಕ್ಕಕ್ಕೆ ಇಡುವುದಿಲ್ಲ. ಇದು ಹಳೆಯ ಕಥೆಯೇ. ನಮ್ಮಲ್ಲಿ ‘ನಾಗರಹಾವು’ ಬಂದಾಗಲೂ ಹೀಗೆಯೇ ಆಗಿತ್ತು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆಗೆದ ಆ ಚಿತ್ರವನ್ನು ಕರ್ನಾಟಕ ಎದೆಗಪ್ಪಿಕೊಂಡಿತು. ಕಾದಂಬರಿಕಾರರು ಮಾತ್ರ ಇದು ನಾಗರಹಾವಲ್ಲ, ಕೇರೆಹಾವು ಎಂದು ಬೇಸರಿಸಿದರೆಂಬ ಮಾತು ಪ್ರಸಿದ್ಧವಾಗಿದೆ. ಅರ್ಧ ಶತಮಾನ ಕಳೆದ ಮೇಲೆ ಹಿಂದಿರುಗಿ ನೋಡಿದರೆ ಇಬ್ಬರೂ ತಪ್ಪಿರಲಿಲ್ಲ. ಲೇಖಕರು ತಮ್ಮ ಕೃತಿ ಏನಾಯಿತು ಎಂದು ನೋಡಿದರು. ಜನ ತಮಗೆ ಏನಾಯಿತು ಎಂದು ನೋಡಿದರು. ವಿಮರ್ಶಕ ಮತ್ತು ಪ್ರೇಕ್ಷಕರ ಜಗಳದ ಮೂಲ ಇಲ್ಲಿಯೇ ಇದೆ. ಚಿತ್ರ ಏನನ್ನು ಹೇಳುತ್ತಿದೆ ಎಂಬುದು ಒಬ್ಬರ ಪ್ರಶ್ನೆ, ಚಿತ್ರ ನನಗೆ ಏನು ಮಾಡಿತು ಎಂಬುದು ಇನ್ನೊಬ್ಬರದು. ಎರಡಕ್ಕೂ ಒಂದೇ ಉತ್ತರ ದೊರೆಯಬೇಕೆಂದು ನಿರೀಕ್ಷಿಸುವುದೇ ತಪ್ಪು.

ಆದರೆ ಇಷ್ಟು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಮಗಳ ಪ್ರಶ್ನೆ ಹಾಗೆಯೇ ಉಳಿದಿದೆ. ಅದಕ್ಕೆ ಉತ್ತರ ಹುಡುಕುತ್ತಾ ‘ನಾಗರಹಾವು’ ಚಿತ್ರವನ್ನು ನಾವು ಮತ್ತೊಮ್ಮೆ ನೋಡಿದೆವು. ಕಾಲೇಜಿನ ದಿನಗಳಲ್ಲಿ ಎಷ್ಟು ಬಾರಿ ನೋಡಿದ್ದೇವೋ ಲೆಕ್ಕವಿಲ್ಲ. ಜಲೀಲನ ಕಾಟದಿಂದ ಅಲಮೇಲುವನ್ನು ಪಾರುಮಾಡಿದರೆ ತಂಗಿಯನ್ನೇ ಮದುವೆ ಮಾಡಿಕೊಡುತ್ತೇನೆಂದು ಅವಳ ಅಣ್ಣ ವರದ, ಗೆಳೆಯ ರಾಮಾಚಾರಿಗೆ ಮಾತು ಕೊಡುತ್ತಾನೆ. ಅಲಮೇಲುವಿನ ಬದುಕಿನ ಈ ಒಪ್ಪಂದ ಇಬ್ಬರು ಗಂಡಸರ ನಡುವೆ ಆಗಿಹೋಗುತ್ತದೆ. ಮುಂದೆ ಪ್ರೀತಿ ಅರಳುತ್ತದೆ, ನಿಜ. ಮತ್ತೆ ಆ ಪ್ರೀತಿಯನ್ನು ತ್ಯಾಗ ಮಾಡಬೇಕೆಂಬ ತೀರ್ಮಾನ ಚಾಮಯ್ಯ ಮೇಷ್ಟ್ರು ಮತ್ತು ರಾಮಾಚಾರಿಯ ನಡುವೆ ಆಗುತ್ತದೆ. ಕೊಡುವಾಗಲೂ ಬಿಡುವಾಗಲೂ ಅಲಮೇಲುವನ್ನು ಕೇಳಿದವರು ಯಾರು? ಇಷ್ಟು ವರ್ಷ ಇದು ನಮ್ಮ ಕಣ್ಣಿಗೆ ಬಿದ್ದೇ ಇರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

2006ರ ಡಿಸೆಂಬರ್ 29ರಂದು ತೆರೆಕಂಡ ‘ಮುಂಗಾರು ಮಳೆ’ಯನ್ನೂ ಇದೇ ಪ್ರಶ್ನೆಯ ಕನ್ನಡಕದಿಂದ ನೋಡಬಹುದು. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಓಡಿದ, ಕನ್ನಡ ಚಿತ್ರರಂಗದ ದಿಕ್ಕನ್ನೇ ಬದಲಿಸಿದ ಯೋಗರಾಜ ಭಟ್ಟರ ಚಿತ್ರವದು. ಆ ಮಳೆಯಲ್ಲಿ ನೆನೆಯದ ಕನ್ನಡ ಕುಟುಂಬ ಈ ರಾಜಧಾನಿಯಲ್ಲಿ ಇರಲಾರದು. ಅಲ್ಲಿ ಪ್ರೀತಮ್ ನಂದಿನಿಯನ್ನು ಬಿಟ್ಟುಕೊಟ್ಟು ದೊಡ್ಡವನಾಗುತ್ತಾನೆ. ಅವಳ ತಂದೆ ತನ್ನಲ್ಲಿಟ್ಟ ನಂಬಿಕೆಗೆ, ಅವಳನ್ನು ಮದುವೆಯಾಗಲಿರುವವನ ಒಳ್ಳೆಯತನಕ್ಕೆ ಅವನು ಬಾಗುತ್ತಾನೆ. ಅವನನ್ನೇ ಮನಸ್ಸಿನಲ್ಲಿ ತುಂಬಿಕೊಂಡಿರುವ ನಂದಿನಿಯ ಇಚ್ಛೆ ಮಾತ್ರ ತೀರ್ಮಾನದ ಹೊರಗೇ ಉಳಿಯುತ್ತದೆ. ನಾವು ಅದನ್ನು ತ್ಯಾಗವೆಂದು ಕರೆದು ಚಪ್ಪಾಳೆ ತಟ್ಟಿದೆವು.

ಇಲ್ಲಿ ಒಂದು ವಿಷಯ ಸ್ಪಷ್ಟವಾಗುತ್ತದೆ. ಹಿಂದಿಯ ಒರಟು ನಾಯಕನನ್ನು ತೋರಿಸಿ ಕನ್ನಡದ ತ್ಯಾಗಮಯಿ ನಾಯಕನ ಬಗ್ಗೆ ನಾವು ಹೆಮ್ಮೆಪಡುತ್ತೇವೆ. ಕಬೀರ್ ಹೊಡೆಯುತ್ತಾನೆ, ನಮ್ಮ ಪ್ರೀತಮ್ ಅಳುತ್ತಾನೆ, ಇಬ್ಬರಿಗೂ ಎಲ್ಲಿಂದೆಲ್ಲಿಯ ಹೋಲಿಕೆ ಎನ್ನುತ್ತೇವೆ. ಅಂತರ ಖಂಡಿತ ಇದೆ. ಹೊಡೆಯುವವನೂ ಅಳುವವನೂ ಸಮಾನರೆಂದು ವಿವೇಕಿಗಳಾರೂ ಹೇಳಲಾರರು. ಆದರೆ ಒಂದು ವಿಷಯದಲ್ಲಿ ಇಬ್ಬರೂ ದಾಯಾದಿಗಳು. ಅವಳ ಬದುಕಿನ ತೀರ್ಮಾನವನ್ನು ಅವಳನ್ನು ಬಿಟ್ಟು ಮಾಡುವುದು ಇಬ್ಬರಲ್ಲಿಯೂ ಉಂಟು. ಮಹಾಭಾರತದ ಅಂಬೆಯನ್ನು ನೆನೆಯಿರಿ. ಹೊತ್ತುತಂದ ಭೀಷ್ಮನೂ ಕೇಳಲಿಲ್ಲ, ಹಿಂದಕ್ಕೆ ಕಳುಹಿದಾಗ ತಿರಸ್ಕರಿಸಿದ ಸಾಲ್ವನೂ ಕೇಳಲಿಲ್ಲ. ಒಬ್ಬನದು ವ್ರತ, ಇನ್ನೊಬ್ಬನದು ಮಾನ. ನಡುವೆ ಸುಟ್ಟುಹೋದವಳು ಅವಳು.

ಈಗ ಮನುವಿನ ಬಳಿಗೆ ಹಿಂದಿರುಗೋಣ. ಬ್ಯಾಂಕಿನ ಮೇಜಿನ ಹಿಂದೆ ಮೂರು ದಶಕ ಕಳೆದ ನಮಗೆ ‘ಸೈಡ್ ಎ’ಯ ದುರಂತ ಸೆರೆಮನೆಯಲ್ಲಿ ಆರಂಭವಾದಂತೆ ಕಾಣುವುದಿಲ್ಲ. ಅದು ಆರಂಭವಾಗುವುದು ಒಂದು ಮನೆಯ ಆಸೆಯಲ್ಲಿ. ಚಾಲಕನ ಸಂಬಳದ ಹುಡುಗನಿಗೆ ಗೃಹಸಾಲ ಕೊಡುವವರು ಯಾರು? ಸಂಬಳದ ಚೀಟಿಯಿಲ್ಲ, ಜಾಮೀನಿಲ್ಲ, ಕೈಯಲ್ಲಿ ಮುಂಗಡ ಹಣವಿಲ್ಲ. ಅವನ ಬಳಿ ಒತ್ತೆಯಿಡಲು ಇರುವುದು ತನ್ನ ಸ್ವಾತಂತ್ರ್ಯವೊಂದೇ. ಬರಿಯ ಬಾಯಿಮಾತಿನ ಭರವಸೆಯ ಮೇಲೆ ಅದನ್ನೇ ಒತ್ತೆಯಿಡುತ್ತಾನೆ. ಇಂಥ ಹುಡುಗರನ್ನು ನಾವು ನೋಡಿದ್ದೇವೆ. ನಿಯಮವನ್ನು ವಿವರಿಸಿ, ನೀರು ಕೊಟ್ಟು, ಹಿಂದಕ್ಕೆ ಕಳುಹಿಸಿದ್ದೇವೆ. ಊರು ಬಿಟ್ಟು ಬಂದು, ಕರೋಲ್ ಬಾಗಿನ ಒಂದು ಕೋಣೆಯಿಂದ ಮಯೂರ್ ವಿಹಾರಿನ, ದ್ವಾರಕಾದ ಸ್ವಂತ ಫ್ಲ್ಯಾಟಿಗೆ ತಲುಪಲು ಇಪ್ಪತ್ತು ವರ್ಷ ಸವೆಸಿದ ನಮ್ಮಂಥವರ ಕಣ್ಣು ಈ ಚಿತ್ರಕ್ಕೆ ಒದ್ದೆಯಾಗುವುದರಲ್ಲಿ ಆಶ್ಚರ್ಯವಿಲ್ಲ. ನಾವು ಅತ್ತದ್ದು ಪ್ರೇಮಕ್ಕಿಂತ ಹೆಚ್ಚಾಗಿ ಆ ಮನೆಗಾಗಿ ಇದ್ದೀತು.

ಆದರೆ ಬ್ಯಾಂಕಿನ ಇನ್ನೊಂದು ನಿಯಮವೂ ನೆನಪಾಗುತ್ತದೆ. ಇಬ್ಬರೂ ಸೇರಿ ವ್ಯವಹರಿಸುವ ಜಂಟಿ ಖಾತೆಯಿಂದ ಒಬ್ಬರ ಸಹಿಯ ಮೇಲೆ ಹಣ ತೆಗೆಯಲಾಗದು, ಉದ್ದೇಶ ಎಷ್ಟೇ ಪವಿತ್ರವಾಗಿರಲಿ. ಮನು ಮತ್ತು ಪ್ರಿಯಾ ಕೂಡಿ ಕಂಡ ಕನಸು ಅಂಥದೊಂದು ಖಾತೆ. ಅದನ್ನು ಪಣಕ್ಕೆ ಒಡ್ಡುವಾಗ ಮನು ತಾನೊಬ್ಬನೇ ಸಹಿ ಹಾಕುತ್ತಾನೆ. ಕೇಳಿದ್ದರೆ ಪ್ರಿಯಾ ಏನು ಹೇಳುತ್ತಿದ್ದಳು? ಸಮುದ್ರ ಎಲ್ಲಿಗೂ ಹೋಗುವುದಿಲ್ಲ, ಕಾಯೋಣ ಎನ್ನುತ್ತಿದ್ದಳೇನೋ. ಮೊದಲ ಭಾಗದುದ್ದಕ್ಕೂ ಅವಳು ತೋರುವ ಧೈರ್ಯವನ್ನು ನೋಡಿದರೆ ಹಾಗೆಯೇ ಎನಿಸುತ್ತದೆ.

ಎರಡನೆಯ ಭಾಗದಲ್ಲಿ ಇದೇ ತಪ್ಪು ಇನ್ನೊಂದು ರೂಪದಲ್ಲಿ ಬರುತ್ತದೆ. ಮನು ಅವಳ ಮನೆಯನ್ನು ದೂರದಿಂದ ಕಾಯುತ್ತಾನೆ, ಅವಳ ಗಂಡನ ಸ್ನೇಹ ಸಂಪಾದಿಸುತ್ತಾನೆ, ಕಷ್ಟದಲ್ಲಿರುವ ಆ ಸಂಸಾರಕ್ಕೆ ಮರೆಯಲ್ಲಿಯೇ ನೆರವಾಗುತ್ತಾನೆ. ಅವನಲ್ಲಿ ಕೇಡಿನ ಲವಲೇಶವೂ ಇಲ್ಲ. ನಿರ್ದೇಶಕರಿಗೆ ನ್ಯಾಯ ಸಲ್ಲಿಸಬೇಕೆಂದರೆ ಇನ್ನೊಂದು ಮಾತನ್ನೂ ಹೇಳಬೇಕು. ‘ಕಬೀರ್ ಸಿಂಗ್’ ಚಿತ್ರದಂತೆ ಇಲ್ಲಿ ನಾಯಕನನ್ನು ಮೆರೆಸಿಲ್ಲ. ಸೆರೆಮನೆ ಮುರಿದುಹಾಕಿದ ಮನುಷ್ಯನೆಂದೇ ತೋರಿಸಲಾಗಿದೆ. ಹಳೆಯ ಕ್ಯಾಸೆಟ್ಟಿನಲ್ಲಿ ಉಳಿದ ದನಿಯೊಂದಿಗೆ ಬದುಕುವವನು ನಿಜವಾದ ಪ್ರಿಯಾಳ ಜೊತೆ ಬದುಕುತ್ತಿಲ್ಲವೆಂಬುದು ಸೂಕ್ಷ್ಮ ಪ್ರೇಕ್ಷಕರಿಗೆ ತಿಳಿಯುತ್ತದೆ. ಅವನನ್ನು ಅವನಿರುವಂತೆಯೇ ಕಂಡ ಸುರಭಿಯ ನೋವು ಕಥೆಯ ಅಂಚಿನಲ್ಲಿ ಉಳಿಯಿತೆಂದು ಹಲವು ಪ್ರೇಕ್ಷಕರು ಮರುಗಿದ್ದು ಸರಿಯಾಗಿಯೇ ಇದೆ. ಆದರೂ ಪ್ರಶ್ನೆ ಪ್ರಶ್ನೆಯಾಗಿಯೇ ನಿಲ್ಲುತ್ತದೆ. ತನ್ನನ್ನು ಒಬ್ಬ ನೋಡುತ್ತಿದ್ದಾನೆಂಬುದೇ ತಿಳಿಯದವಳು ಬೇಡ ಎನ್ನುವುದೆಂತು?

ಈ ಪ್ರಶ್ನೆ ಬೆಂಗಳೂರಿಗಿಂತ ದೆಹಲಿಯಲ್ಲಿ ಹೆಚ್ಚು ಚುಚ್ಚುವುದಕ್ಕೆ ಕಾರಣವಿದೆ. 1996ರ ಜನವರಿಯಲ್ಲಿ ದೆಹಲಿ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿನಿಯೊಬ್ಬಳನ್ನು ವಸಂತ ಕುಂಜದ ಅವಳ ಮನೆಯಲ್ಲಿಯೇ ಕೊಲ್ಲಲಾಯಿತು. ಕೊಂದವನು ಬಹುಕಾಲದಿಂದ ಅವಳನ್ನು ಹಿಂಬಾಲಿಸುತ್ತಿದ್ದ. ಅವಳು ಮತ್ತೆ ಮತ್ತೆ ಪೊಲೀಸರಿಗೆ ದೂರು ಕೊಟ್ಟಿದ್ದಳು. 1999ರಲ್ಲಿ ಆರೋಪಿ ಬಿಡುಗಡೆಯಾಗಿ, 2006ರಲ್ಲಿ ಉಚ್ಚ ನ್ಯಾಯಾಲಯದಿಂದ ಶಿಕ್ಷೆಗೊಳಗಾದ ಆ ಮೊಕದ್ದಮೆಯನ್ನು ಇಲ್ಲಿ ನೆಲೆಸಿದ ಹಿರಿಯರು ಮರೆತಿರಲಾರರು. 2012ರ ಡಿಸೆಂಬರ್ 16ರ ರಾತ್ರಿಯನ್ನಂತೂ ಯಾರೂ ಮರೆಯುವಂತಿಲ್ಲ. ಆ ಯುವತಿ ಸಾಕೇತಿನಲ್ಲಿ ಸಿನಿಮಾ ನೋಡಿ ಗೆಳೆಯನೊಡನೆ ಮನೆಗೆ ಮರಳುತ್ತಿದ್ದಳು. ಅವರು ಬಸ್ಸು ಹತ್ತಿದ ಮುನಿರ್ಕಾ, ನಾವು ಕಾರ್ಯಕ್ರಮ ಮುಗಿಸಿ ರಾತ್ರಿ ಕೈಬೀಸಿ ಬೀಳ್ಕೊಳ್ಳುವ ರಾಮಕೃಷ್ಣಪುರದ ಮಗ್ಗುಲಿಗೇ ಇದೆ.

ಆ ಘಟನೆಯ ನಂತರ ನೇಮಕವಾದ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಸಮಿತಿ ಒಂದು ತಿಂಗಳೊಳಗೆ, 2013ರ ಜನವರಿ 23ರಂದು ವರದಿ ನೀಡಿತು. ಅದೇ ವರ್ಷದ ಕಾನೂನು ತಿದ್ದುಪಡಿಯಲ್ಲಿ, ಹೆಣ್ಣನ್ನು ಹಿಂಬಾಲಿಸಿ ಪೀಡಿಸುವುದು ಮೊದಲ ಬಾರಿಗೆ ಪ್ರತ್ಯೇಕ ಅಪರಾಧವಾಗಿ ಭಾರತೀಯ ದಂಡ ಸಂಹಿತೆಯ 354-ಡಿ ಕಲಮಿನಲ್ಲಿ ಸೇರಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 78ನೆಯ ಕಲಮು. ಮೊದಲ ಅಪರಾಧಕ್ಕೆ ಮೂರು ವರ್ಷದವರೆಗೆ, ಮರುಕಳಿಸಿದರೆ ಐದು ವರ್ಷದವರೆಗೆ ಸೆರೆವಾಸ ಉಂಟು. ಈ ಕಾನೂನಿನ ಮಾತುಗಳನ್ನು ಗಮನವಿಟ್ಟು ಓದಬೇಕು. ತನಗೆ ಆಸಕ್ತಿಯಿಲ್ಲವೆಂದು ಹೆಣ್ಣು ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಸಂಪರ್ಕಕ್ಕೆ ಯತ್ನಿಸುವುದು ಅಲ್ಲಿ ಅಪರಾಧ. ಹಿಂಬಾಲಿಸಿದವನ ಹೃದಯದಲ್ಲಿ ಪ್ರೀತಿಯಿತ್ತೋ ದ್ವೇಷವಿತ್ತೋ ಎಂದು ಕಾನೂನು ಕೇಳುವುದಿಲ್ಲ, ಅವಳು ಏನೆಂದಳು ಎಂದು ಕೇಳುತ್ತದೆ. ನಮ್ಮ ಚಿತ್ರಗಳು ಅರ್ಧ ಶತಮಾನದಿಂದ ಕೇಳದೆ ಬಿಟ್ಟ ಪ್ರಶ್ನೆ ಕೊನೆಗೂ ಕಾನೂನಿನ ಪುಸ್ತಕದಲ್ಲಿ ಬಂದು ಕುಳಿತಿದೆ.

ಹಾಗೆಂದು ಇಂಥ ಚಿತ್ರಗಳನ್ನು ನಿಷೇಧಿಸಬೇಕೆಂದಾಗಲೀ, ಅವುಗಳಿಂದಲೇ ಹುಡುಗರು ಕೆಡುತ್ತಾರೆಂದಾಗಲೀ ನಾವು ಹೇಳುತ್ತಿಲ್ಲ. ಸಿನಿಮಾ ಹುಟ್ಟುವ ಮೊದಲೂ ಹೆಣ್ಣು ಹೆದರಿ ನಡೆದಿದ್ದಾಳೆ. ಎಲ್ಲರೂ ವಿವೇಕಿಗಳಾಗಿಬಿಟ್ಟರೆ ಕಥೆಯೂ ಇರದು. ಮನುಷ್ಯ ಮೋಹದಲ್ಲಿ ಮಾಡಬಾರದ್ದನ್ನು ಮಾಡುತ್ತಾನೆ, ಕಲೆ ಅದನ್ನು ತೋರಿಸಲೇಬೇಕು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ಪುಟ್ಟಣ್ಣನವರ ‘ಶರಪಂಜರ’ದಲ್ಲಿ ಕಲ್ಪನಾ ಅವರ ಕಾವೇರಿ ಮನಸ್ಸಿನ ಆಳದಿಂದ ಕುಸಿದಾಗ, ಅವಳ ಮಾತನ್ನು ಕೇಳದ ಗಂಡನೂ ನೆರೆಹೊರೆಯೂ ಅದಕ್ಕೆ ಹೊಣೆಯೆಂದು ಚಿತ್ರ ನಮ್ಮತ್ತ ಬೆರಳು ತೋರಿಸಿತ್ತು. ಕನ್ನಡದ ಪ್ರೇಕ್ಷಕರು ಮುನಿಯದೆ ಆ ಬೆರಳನ್ನು ಒಪ್ಪಿಕೊಂಡರು. ತೀವ್ರತೆಯೇ ದೋಷವಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ನಾಯಕನಿಗೆ ಅನ್ವಯಿಸುತ್ತದೆ. ಅವನ ಕೈಯಲ್ಲಿರುವುದು ವಿಷವೆಂದು ಕ್ಯಾಮೆರಾಕ್ಕೆ ತಿಳಿದಿದೆಯೇ ಇಲ್ಲವೇ ಎಂಬುದನ್ನಷ್ಟೇ ನಾವು ನೋಡಬೇಕು.

ಕಣ್ಣೀರಿನ ಬಗ್ಗೆಯೂ ಒಂದು ಮಾತು. ಅತ್ತ ಪ್ರೇಕ್ಷಕರನ್ನು ಹಂಗಿಸುವ ಅಧಿಕಾರ ವಿಮರ್ಶಕರಿಗಿಲ್ಲ. ನಮ್ಮ ತಾಯಿಯವರು ಮನುವಿಗಾಗಿ ಅತ್ತದ್ದು ಸುಳ್ಳಲ್ಲ. ಅವರ ಕಾಲದಲ್ಲಿ ಹೆಣ್ಣಿಗಾಗಿ ಕಾದ ಗಂಡನ್ನು ಅವರು ಕಂಡಿರಲಿಕ್ಕಿಲ್ಲ. ಕಾಯುವ ಕೆಲಸ ಹೆಣ್ಣಿನದೇ ಆಗಿತ್ತು. ಅವರಿಗೆ ಮನು ಅಪರೂಪದವನಾಗಿ ಕಂಡ. ಮಗಳಿಗೆ ಅವನು ಗೇಟಿನೆದುರು ನಿಂತವನಾಗಿ ಕಂಡ. ಇಬ್ಬರೂ ನೋಡಿದ್ದು ಒಂದೇ ಚಿತ್ರವನ್ನು, ತಮ್ಮ ತಮ್ಮ ಬದುಕಿನ ಕಿಟಕಿಯಿಂದ.

ಮಗಳ ಕಿಟಕಿಯಿಂದ ಏನು ಕಾಣುತ್ತದೆ ಎಂಬುದು ನಮಗೆ ತಿಳಿದದ್ದು ಆ ರಾತ್ರಿಯೇ. ಪಾತ್ರೆಗಳನ್ನು ಎತ್ತಿಡುತ್ತಾ ಅವಳು ತಾಯಿಗೆ ಹೇಳಿದ ಮಾತು ನಮ್ಮ ಕಿವಿಗೂ ಬಿತ್ತು. ಎರಡು ವರ್ಷದ ಹಿಂದೆ, ಆಗ ಕೆಲಸ ಮಾಡುತ್ತಿದ್ದ ಕಚೇರಿಯ ಸಹೋದ್ಯೋಗಿಯೊಬ್ಬ ತಿಂಗಳುಗಟ್ಟಲೆ ಅವಳ ಹಿಂದೆಯೇ ಮೆಟ್ರೋ ಹತ್ತಿ, ನಮ್ಮ ನಿಲ್ದಾಣದವರೆಗೂ ಬಂದು ಹೋಗುತ್ತಿದ್ದನಂತೆ. ಕೆಟ್ಟ ಮಾತಾಡಿರಲಿಲ್ಲ, ಕೈ ಮುಟ್ಟಿರಲಿಲ್ಲ. ಪ್ರೀತಿಸುತ್ತೇನೆಂದು ಒಮ್ಮೆ ಹೇಳಿದ್ದ, ಅವಳು ಬೇಡವೆಂದಿದ್ದಳು. ಆಮೇಲೂ ಬರುತ್ತಿದ್ದ. ಆ ಕೆಲಸವನ್ನು ಅವಳು ಬಿಟ್ಟದ್ದು ಸಂಬಳ ಸಾಲದೆಂದು ನಾವು ತಿಳಿದಿದ್ದೆವು. “ನಮಗೇಕೆ ಹೇಳಲಿಲ್ಲ?” ಎಂದು ಕೇಳಿದಾಗ, “ಹೇಳಿದ್ದರೆ ನೀವು ನನ್ನನ್ನು ಮನೆಯಲ್ಲೇ ಕೂರಿಸುತ್ತಿದ್ದಿರಿ, ಅವನನ್ನಲ್ಲ” ಎಂದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಒಪ್ಪಿಸುವಂತೆ ಹೇಳಿದಳು.

ಅಲ್ಲಿಗೆ ನಮ್ಮ ವಿಮರ್ಶೆಯ ಗರ್ವ ಇಳಿಯಿತು. ವರದನೂ ಪ್ರೀತಮನೂ ಮನುವೂ ಅವಳನ್ನು ಕೇಳಲಿಲ್ಲವೆಂದು ಬರೆಯುವುದು ಸುಲಭ. ಕತ್ತಲಾಗುವ ಮೊದಲು ಮನೆಗೆ ಬಾ, ತಲುಪಿದೊಡನೆ ಫೋನ್ ಮಾಡು, ಆ ಕಡೆ ಹೋಗಬೇಡ ಎಂದು ಅವಳ ಒಳ್ಳೆಯದಕ್ಕಾಗಿಯೇ ತೀರ್ಮಾನಗಳನ್ನು ಮಾಡುತ್ತಾ ಬಂದ ನ��ವೂ ಅವಳನ್ನು ಏನನ್ನೂ ಕೇಳಿರಲಿಲ್ಲ. ನಮ್ಮದೂ ಒಂದು ಬಗೆಯ ತೀವ್ರ ಪ್ರೇಮವೇ. ಅದರ ಖಾತೆಯಲ್ಲಿಯೂ ಒಂದೇ ಸಹಿಯಿದೆ.

ಆದುದರಿಂದ ಓದುಗ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಮುಂದಿನ ಬಾರಿ ಇಂಥ ಚಿತ್ರವೊಂದು ಬಂದಾಗ ಎಷ್ಟು ಕೋಟಿ ಗಳಿಸಿತು, ಯಾರು ಎಷ್ಟು ನಕ್ಷತ್ರ ಕೊಟ್ಟರು ಎಂಬುದನ್ನು ಪಕ್ಕಕ್ಕಿಟ್ಟು ಮನೆಯವರೆಲ್ಲ ಕೂಡಿ ನೋಡಿ. ಅಳು ಬಂದರೆ ಅಳಿ, ಅದರಲ್ಲಿ ನಾಚಿಕೆಯಿಲ್ಲ. ಚಿತ್ರ ಮುಗಿದ ಮೇಲೆ ಟಿ.ವಿ. ಆರಿಸಿ, ಮನೆಯ ಹೆಣ್ಣುಮಕ್ಕಳನ್ನು ನಿಮಗೆ ಏನನ್ನಿಸಿತು ಎಂದು ಕೇಳಿ. ಗಂಡುಮಕ್ಕಳು ಆ ಉತ್ತರವನ್ನು ಕೇಳಿಸಿಕೊಳ್ಳುವಂತೆ ಪಕ್ಕದಲ್ಲಿಯೇ ಕೂರಿಸಿಕೊಳ್ಳಿ. ಉತ್ತರ ತಕ್ಷಣ ಬರಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಬರಲು ಎರಡು ವರ್ಷ ಹಿಡಿಯಿತು, ಅದೂ ಅಡುಗೆಮನೆಯಿಂದ ಬಂತು. ಈಗ ಮಗಳು ತಡವಾಗಿ ಬಂದ ರಾತ್ರಿ ನಾವು ನಿಲ್ದಾಣಕ್ಕೆ ಹೋಗುವುದುಂಟು. ಹೊರಡುವ ಮುನ್ನ ಬರಲೇ ಎಂದು ಫೋನಿನಲ್ಲಿ ಕೇಳುತ್ತೇವೆ. ಕೆಲವು ದಿನ ಬನ್ನಿ ಎನ್ನುತ್ತಾಳೆ. ಕೆಲವು ದಿನ ಬೇಡ ಎನ್ನುತ್ತಾಳೆ, ಆಗ ಮನೆಯಲ್ಲಿಯೇ ಕುಳಿತು ಕಾಯುತ್ತೇವೆ.